ನೈಟ್ ಶಿಫ್ಟ್ ವಾರದ ಮಾತ್ರೆ

ಹೋದ ಗುರುವಾರ ನನ್ನ ಮೊಮ್ಮಗಳು ನಡೆದಳು. ಗೋಡೆ ಹಿಡಿದುಕೊಂಡಲ್ಲ, ಯಾರ ಬೆರಳು ಹಿಡಿದುಕೊಂಡೂ ಅಲ್ಲ. ಗ್ಯಾಸ್ ಸಿಲಿಂಡರಿನ ಹತ್ತಿರದಿಂದ ಬಾಗಿಲ ಕಡೆಗೆ ಐದು ಹೆಜ್ಜೆ. ಆರನೆಯದಕ್ಕೆ ತಟ್ಟನೆ ಕೂತಳು, ಕೂತವಳು ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡಳು. ನಾನು ಕುಣಿದೆ. ನಿಜವಾಗಿ ಕುಣಿದೆ, ಪಂಚೆ ಎತ್ತಿ ಕಟ್ಟಿಕೊಂಡು. ಕೆಳಗಿನ ಮನೆಯ ಹೆಂಗಸು ಮೆಟ್ಟಿಲು ಹತ್ತಿ ಬಂದು, "ಏನಾಯ್ತು ತಾತ, ಏನಾರ ಬಿತ್ತಾ?" ಅಂದಳು.

"ನಡೆದ್ಲು ಕಣವ್ವ! ಒಬ್ಳೇ ನಡೆದ್ಲು!"

"ಎಲ್ರ ಮಕ್ಳೂ ನಡೀತಾವೆ. ನಿಮ್ ಕುಣ್ತಕ್ಕೆ ನಮ್ ಮನೆ ಸುಣ್ಣ ಉದುರ್ತಾ ಐತೆ."

ಉದುರಲಿ. ಮತ್ತೆ ಬಳಿಸಿಕೊಡುತ್ತೇನೆ ಅಂದೆ. ಆ ದಿನ ಪೀಣ್ಯದ ನಮ್ಮ ಬೀದಿಯಲ್ಲಿ ನಾನು ಹೇಳದೆ ಬಿಟ್ಟವರು ಯಾರೂ ಇಲ್ಲ. ಹಾಲಿನವನಿಗೆ ಹೇಳಿದೆ, ಪಂಕ್ಚರ್ ಹಾಕುವವನಿಗೆ ಹೇಳಿದೆ. ಎದುರಿನ ಫ್ಯಾಕ್ಟರಿ ಯುನಿಟ್ಟಿನ ವಾಚ್‌ಮನ್ನಿಗೆ ಕನ್ನಡ ಬರುವುದಿಲ್ಲ, ಅವನಿಗೆ ನಡೆದೇ ತೋರಿಸಿದೆ.

ಸಾಯಂಕಾಲ ಮಗ ಕೆಲಸದಿಂದ ಬಂದ. ಮಗು ಅವನ ಮುಂದೆಯೂ ಎರಡು ಹೆಜ್ಜೆ ಇಟ್ಟಿತು. ಅವನು ಅದನ್ನು ಎತ್ತಿಕೊಂಡು ಹೊಟ್ಟೆಗೆ ಮೂಗು ಉಜ್ಜಿ ನಗಿಸಿದ, ತಾನೂ ನಕ್ಕ. ನಗುನಗುತ್ತಲೇ ನನ್ನ ಕಡೆ ತಿರುಗಿ ಕೇಳಿದ.

"ಅಪ್ಪ, ಈಗ ಎಲ್ಲಾ ಸರಿ ಹೋಯ್ತಲ್ಲ. ಮಾತ್ರೆ ಬಿಟ್ರೆ ಏನಾಗುತ್ತೆ?"

ನನ್ನ ಕಾಲಿನ ಕುಣಿತ ಅಲ್ಲೇ ನಿಂತಿತು. ಮಗು ಹೆಜ್ಜೆ ಇಟ್ಟ ಅದೇ ಬಾಗಿಲಿಂದ ಅದರ ಅಪ್ಪ ಒಂದು ಬೆಳಿಗ್ಗೆ ಕಿವಿ ಮುಚ್ಚಿಕೊಂಡು ಓಡಿದ್ದ. ಓಡಿದ್ದು ನನ್ನ ದನಿ ಕೇಳಿ. ಅವನ ಮಾತ್ರೆ ಬಿಡಿಸಿದವನೂ ನಾನೇ.

ಇದನ್ನು ಬರೆದಿಡಿ ಅಂತ ಸೊಸೆ ಬಹಳ ದಿನದಿಂದ ಹೇಳುತ್ತಿದ್ದಳು. "ಬ್ಯಾರೇದವ್ರ ಮನ್ಯಾಗ ಹಿಂಗ ಆಗಬಾರ್ದು ಮಾವಾರ, ನೀವು ಮಾಡಿದ್ದನ್ನ ನೀವ ಬರೀರಿ" ಅಂತ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವನು. ಆದರೂ ಬರೆಯುತ್ತೇನೆ.

ನಾನು ಪೀಣ್ಯಕ್ಕೆ ಬಂದಾಗ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿನ ಮೇಲೆ ಹಾಕಿದರು. ಅದರ ಕೆಲಸ ಬಹಳ ಸುಲಭ. ಡೈ ಅನ್ನುವ ಅಚ್ಚಿನೊಳಗೆ ತಗಡು ಇಡಬೇಕು, ಕೈ ತೆಗೆಯಬೇಕು, ಪೆಡಲ್ ತುಳಿಯಬೇಕು. ಇಡು, ತೆಗೆ, ತುಳಿ. ದಿನಕ್ಕೆ ಸಾವಿರಾರು ಸಲ. ಒಂದು ಸಲ ಡಬಲ್ ಶಿಫ್ಟಿನ ಕೊನೆಯಲ್ಲಿ ಕಣ್ಣು ಒಂದೇ ಒಂದು ಕ್ಷಣ ಮುಚ್ಚಿತು, ನಡುವಿನ 'ತೆಗೆ' ಬಿಟ್ಟುಹೋಯಿತು. ಬಲಗೈಯ ಎರಡು ಬೆರಳು ತಗಡಿನ ಜೊತೆ ಹೋದವು. ಮೊದಲು ನೋವೇ ಆಗಲಿಲ್ಲ. ತಗಡು ಯಾಕೆ ಕೆಂಪಗಿದೆ ಅಂತ ನೋಡುತ್ತಾ ನಿಂತಿದ್ದೆ. ಅವತ್ತಿನಿಂದ ನನಗೆ ಭಯ ಮೆಷಿನ್ನಿನ ಮೇಲಲ್ಲ, ನಿದ್ದೆಯ ಮೇಲೆ.

ಮಗ ಎಸ್ಸೆಸ್ಸೆಲ್ಸಿ ಓದುವಾಗ ಅವನ ತಾಯಿ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಇಬ್ಬರೇ. ಐಟಿಐ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಅವನು ಬೇರೆ ಥರ ಆದ. ಸ್ನಾನ ಬಿಟ್ಟ, ಗೆಳೆಯರನ್ನು ಬಿಟ್ಟ, ಫೋನನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಟ್ಟ. ಪಕ್ಕದ ಯುನಿಟ್ಟಿನ ಕಂಪ್ರೆಸರ್ ಹಗಲೆಲ್ಲಾ ಗುಡುಗುತ್ತಿತ್ತು. ಅವನು ಕಿಟಕಿ ಹತ್ತಿರ ಕೂತು ಅದನ್ನೇ ಕೇಳುತ್ತಿದ್ದ. ಒಂದು ಮಧ್ಯಾಹ್ನ ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡಿದ್ದೆ.

"ಯಾಕಪ್ಪ ನನ್ನ ಹಂಗೆ ಬೈತೀಯ?" ಅಂದ.

ನಾನು ಬಾಯಿ ತೆರೆದು ತೋರಿಸಿದೆ. ಎಲೆ ಅಡಿಕೆ ಇತ್ತು, ಮಾತು ಇರಲಿಲ್ಲ. ಅವನು ನನ್ನ ಬಾಯಿ ನೋಡಿದ, ಕಿಟಕಿ ನೋಡಿದ. "ಮತ್ತೆ ಬೈದೆ" ಅಂದ.

ಅವರಿವರು ಹೇಳಿದ ಕಡೆಯೆಲ್ಲ ಓಡಾಡಿ ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಮೇಡಂ ಕಾಯಿಲೆಯ ಹೆಸರು ಹೇಳಿದರು, ಸ್ಕಿಜೋಫ್ರೇನಿಯಾ. ನನ್ನ ನಾಲಿಗೆಗೆ ಅದು ಇವತ್ತಿಗೂ ಹೊರಳುವುದಿಲ್ಲ, ಸೊಸೆ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ನೋಡಿ ಬರೆದಿದ್ದೇನೆ. ಶುಗರ್, ಬಿಪಿ ಇದ್ದ ಹಾಗೆ ಇದೂ ಒಂದು ಕಾಯಿಲೆ, ಗಾಳಿಯಲ್ಲ ದೆವ್ವವಲ್ಲ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ನೆಟ್ಟಗಾದ ಮೇಲೂ ನಿಮ್ಮಷ್ಟಕ್ಕೆ ನೀವು ನಿಲ್ಲಿಸಬೇಡಿ ಅಂದರು. ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ.

ಮಾತ್ರೆಯ ಡಬ್ಬಿ ನನ್ನ ಹತ್ತಿರ ಇರುತ್ತಿತ್ತು. ಊಟ ಆದ ಮೇಲೆ ಉಳಿದ ಮೂರು ಬೆರಳಲ್ಲಿ ಎತ್ತಿ ಅವನ ಅಂಗೈಗೆ ಹಾಕುತ್ತಿದ್ದೆ. ಕೆಲವು ವಾರಕ್ಕೆ ಕಂಪ್ರೆಸರ್ ಮತ್ತೆ ಬರೀ ಕಂಪ್ರೆಸರ್ ಆಯಿತು. ಆರು ತಿಂಗಳಿಗೆ ಅವನು ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತ ಬೈಯುವಷ್ಟು ನೆಟ್ಟಗಾದ. ಆ ಬೈಗುಳ ಕೇಳಿ ನನಗಾದ ಸಂತೋಷ ಯಾರಿಗೆ ಹೇಳಲಿ!

ಆಮೇಲೆ ಅವನಿಗೆ ಕೆಲಸ ಸಿಕ್ಕಿತು. ಪವರ್ ಪ್ರೆಸ್ಸಿನ ಮೇಲೆಯೇ. ಮೂರು ಶಿಫ್ಟು, ವಾರಕ್ಕೊಂದು ಬದಲು. ಒಂದು ವಾರ ಬೆಳಗಿನದು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ನೈಟು. ಆಸ್ಪತ್ರೆಯಲ್ಲಿ ಈ ವಿಷಯ ಹೇಳಲಿಲ್ಲ. ಹೇಳಿದರೆ ಕೆಲಸ ಬೇಡ ಅಂದುಬಿಟ್ಟಾರು ಅಂತ. ಮೊದಲ ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಬಂದವನು ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ಕೂತ.

"ಅಪ್ಪ, ಮಾತ್ರೆ ನುಂಗಿ ಹೋಗಿದ್ನಲ್ಲ, ಕಣ್ಣು ಎಳೀತಾ ಇತ್ತು. ಒಂದ್ಸಲ ಕೈ ಡೈ ಒಳಗಿದ್ದಾಗ್ಲೇ ಕಾಲು ಪೆಡಲ್ ಮೇಲೆ ಹೋಗ್ಬಿಡ್ತು. ತುಳೀಲಿಲ್ಲ. ಹೋಗಿತ್ತು ಅಷ್ಟೆ."

ನಾನು ಅವನ ಬೆರಳುಗಳನ್ನು ನೋಡಿದೆ. ಹತ್ತೂ ಇದ್ದವು. ಒಂದೊಂದನ್ನೂ ಮುಟ್ಟಿ ನೋಡಿದೆ. ಆಮೇಲೆ, ಯೋಚನೆ ಮಾಡಿ ಅಲ್ಲ, ಮಾತು ತಾನಾಗಿ ಬಂತು.

"ನೈಟ್ ಶಿಫ್ಟ್ ವಾರ ಮಾತ್ರೆ ಬ್ಯಾಡ ಮಗ. ಒಂದ್ ವಾರ ತಾನೆ. ಬೆರಳು ಹೋದ್ರೆ ಬರಾಕಿಲ್ಲ."

"ಡಾಕ್ಟ್ರು?"

"ಅವ್ರಿಗೇನ್ ಗೊತ್ತು ಪ್ರೆಸ್ ಕೆಲ್ಸ? ಅವ್ರೇನ್ ತಗಡು ಇಟ್ಟವ್ರಾ?"

ನನ್ನ ತಲೆಯಲ್ಲಿದ್ದ ಲೆಕ್ಕ ಮೆಷಿನ್ನಿನ ಲೆಕ್ಕ. ಒಂದು ವಾರ ನಿಂತ ಮೆಷಿನ್ನಿಗೆ ಎಣ್ಣೆ ಬಿಟ್ಟರೆ ಸೋಮವಾರ ಓಡುತ್ತದೆ. ಮನುಷ್ಯನೂ ಹಾಗೆ ಅಂದುಕೊಂಡೆ. ಎರಡು ವಾರ ಮಾತ್ರೆ, ಮೂರನೆಯ ವಾರ ಇಲ್ಲ. ಹೀಗೆ ಒಂದು ವರ್ಷಕ್ಕೂ ಹೆಚ್ಚು ನಡೆಯಿತು.

ಆ ವರ್ಷದಲ್ಲೇ ಅವನ ಮದುವೆಯೂ ಆಯಿತು. ಅದೇ ಯುನಿಟ್ಟಿನ ಪ್ಯಾಕಿಂಗಿನಲ್ಲಿದ್ದ ಗದಗ ಕಡೆಯ ಹುಡುಗಿ. ಎರಡನೇ ಸಲ ಒಟ್ಟಿಗೆ ಟೀ ಕುಡಿದಾಗಲೇ ಅವನು ತನ್ನ ಕಾಯಿಲೆಯ ವಿಷಯ ಹೇಳಿದ್ದನಂತೆ. ಅವಳು, "ನಮ್ಮಪ್ಪಗ ಶುಗರ್ ಐತಿ, ದಿನಾ ಸೂಜಿ ಚುಚ್ಕೋತಾನ. ನೀವು ಗುಳಿಗಿ ನುಂಗ್ತೀರಿ. ಅದ್ರಾಗೇನೈತಿ, ಟೀ ಆರ್ತೈತಿ ಕುಡೀರಿ" ಅಂದಳಂತೆ. ಅವನು ಅವಳಿಂದ ಏನನ್ನೂ ಮುಚ್ಚಿಡಲಿಲ್ಲ. ನಾನು ಮುಚ್ಚಿಟ್ಟೆ. ಮಾತ್ರೆಯ ಉಸ್ತುವಾರಿ ಮಾವನದು, ಅದು ಸರಿಯಾಗಿ ನಡೀತಿದೆ ಅಂತ ಅವಳು ನಂಬಿದ್ದಳು.

ಆಸ್ಪತ್ರೆಗೆ ಹೋದಾಗಲೆಲ್ಲ ಮೇಡಂ ಕೇಳುತ್ತಿದ್ದರು. "ಮಾತ್ರೆ ದಿನಾ ತಗೋತಿದಾರಾ?"

"ಒಂದ್ ದಿನಾನೂ ತಪ್ಪಿಲ್ಲ ಮೇಡಂ" ಅನ್ನುತ್ತಿದ್ದೆ.

ಮಗ ಒಂದು ಸಲ ನನ್ನ ಮುಖ ನೋಡಿ ಆಮೇಲೆ ನೆಲ ನೋಡುತ್ತಿದ್ದ. ಆ ನೋಟ ಈಗಲೂ ನನ್ನ ಬೆನ್ನ ಮೇಲಿದೆ. ಇಲ್ಲದ್ದನ್ನು ಕೇಳಿಸಿಕೊಳ್ಳುವ ಹುಡುಗನ ಎದುರು ನಾನು ಇಲ್ಲದ್ದನ್ನು ಗಟ್ಟಿಯಾಗಿ ಹೇಳುತ್ತಿದ್ದೆ.

ಅವನಿಗೆ ಮತ್ತೆ ಕೇಳಿಸಲು ಶುರುವಾಯಿತು. ಅದನ್ನು ಅವನೇ ಮೇಡಂಗೆ ಹೇಳಿದ. ದಿನವೂ ತಗೊಂಡರೂ ಹೀಗೆ ಅಂದರೆ ಈ ಡೋಸು ಸಾಲುತ್ತಿಲ್ಲ ಅಂತ ಅವರು ಹೆಚ್ಚು ಮಾಡಿದರು. ಅವರ ತಪ್ಪೇನಿದೆ? ನಾನು ಕೊಟ್ಟ ಅಳತೆಗೆ ಅವರು ಡೈ ಮಾಡಿದರು. ಅಳತೆಯೇ ಸುಳ್ಳು. ಹೆಚ್ಚಿನ ಮಾತ್ರೆಗೆ ಅವನ ಕೈಕಾಲು ಬಿಗಿಯಾದವು, ನಡಿಗೆ ನಿಧಾನವಾಯಿತು, ಊಟದ ತಟ್ಟೆ ಮುಂದೆಯೇ ತೂಕಡಿಸುತ್ತಿದ್ದ. ಅದನ್ನು ಹೋಗಿ ಹೇಳಬೇಕಿತ್ತು. ನಾನು ಹೇಳಲಿಲ್ಲ. ನೈಟ್ ಶಿಫ್ಟ್ ವಾರದ ಜೊತೆಗೆ ಮಧ್ಯಾಹ್ನದ ಶಿಫ್ಟಿನ ವಾರದಲ್ಲೂ ಎರಡು ದಿನ ಬಿಡಿಸಿದೆ.

ಆ ಬೆಳಿಗ್ಗೆ ಅವನು ನೈಟ್ ಮುಗಿಸಿ ಬಂದು ಗೇಟಿನ ಹತ್ತಿರವೇ ನಿಂತಿದ್ದ. ಸೊಸೆಗೆ ಆಗ ಐದು ತಿಂಗಳು. ಅವಳು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. "ಮ್ಯಾಲ ಬರ್ರಿ, ಅಲ್ಯಾಕ ನಿಂತೀರಿ?" ಅಂದಳು. ಅವನು ಮೆಟ್ಟಿಲು ಹತ್ತಿ ಬಾಗಿಲವರೆಗೆ ಬಂದ. ನಾನು ಒಳಗೆ ಸ್ಟೌವಿನ ಮುಂದಿದ್ದೆ, ಅವನಿಗೆ ಕಾಣುತ್ತಿರಲಿಲ್ಲ. ಅಲ್ಲಿಂದಲೇ ಕೂಗಿದೆ.

"ಬಾ ಮಗ ಒಳಿಕ್ಕೆ, ಕಾಪಿ ಆರೋಯ್ತದೆ!"

ಅವನು ಎರಡೂ ಕಿವಿ ಮುಚ್ಚಿಕೊಂಡು ತಿರುಗಿ ಓಡಿದ. ಟಿಫನ್ ಡಬ್ಬಿ ಮೆಟ್ಟಿಲ ಮೇಲೆ ಉರುಳುತ್ತಾ ಹೋಯಿತು. ನಾನು ಬರಿಗಾಲಲ್ಲಿ ಹಿಂದೆ ಓಡಿದೆ, ಅವನ ಹೆಸರು ಹಿಡಿದು ಕೂಗುತ್ತಾ. ನಾನು ಕೂಗಿದಷ್ಟೂ ಅವನು ಜೋರಾಗಿ ಓಡಿದ. ಬೀದಿ ತುದಿಯಲ್ಲಿ ಸರ್ವಿಸ್ ರೋಡು, ಅದರಲ್ಲಿ ಬೆಳಗಿನ ಲಾರಿಗಳು ಒಂದರ ಹಿಂದೆ ಒಂದು. "ನಿಂತ್ಕೊಳ್ಳೋ! ನಿಂತ್ಕೊಳ್ಳೋ!" ಅಂತ ಅರಚಿದೆ. ಅವನು ನಿಲ್ಲಲಿಲ್ಲ.

ಹಿಂದಿನಿಂದ ಸೊಸೆಯ ದನಿ ಬಂತು. "ಮಾವಾರ, ಒದರಬ್ಯಾಡ್ರಿ! ಬಾಯಿ ಮುಚ್ರಿ ಮೊದ್ಲ!"

ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಬಾಯಿ ಮುಚ್ಚಿದೆ. ನನ್ನ ಬಾಯಿ ಮುಚ್ಚಿದ ಮೇಲೆ ಅವನ ಓಟ ನಿಧಾನವಾಯಿತು. ಪಂಕ್ಚರ್ ಅಂಗಡಿಯ ಟೈರುಗಳ ಪಕ್ಕ ನಿಂತ. ಸೊಸೆ ಐದು ತಿಂಗಳ ಹೊಟ್ಟೆ ಹಿಡಿದುಕೊಂಡು ನಡೆದೇ ಹೋಗಿ, ಅವನಿಂದ ಸ್ವಲ್ಪ ದೂರದಲ್ಲಿ ಒಂದು ಹಳೇ ಟೈರಿನ ಮೇಲೆ ಕೂತಳು. ಸೆರಗಿಂದ ಗಾಳಿ ಹಾಕಿಕೊಂಡಳು. ಬಹಳ ಹೊತ್ತಾದ ಮೇಲೆ ಅವನೂ ಬಂದು ಪಕ್ಕದಲ್ಲಿ ಕೂತ. ನಾನು ಲೈಟು ಕಂಬದ ಹಿಂದೆ ಕಳ್ಳನ ಹಾಗೆ ನಿಂತಿದ್ದೆ.

ಅವತ್ತೇ ಆಸ್ಪತ್ರೆಗೆ ಸೇರಿಸಿಕೊಂಡರು. ಮನೆಯಲ್ಲಿರುವ ಮಾತ್ರೆಯೆಲ್ಲ ತನ್ನಿ ಅಂದರು. ಸೊಸೆ ಬಂದು ನನ್ನ ಡಬ್ಬಿ ತೆಗೆದು ನೆಲದ ಮೇಲೆ ಸುರಿದಳು. ಒಡೆಯದ ಸ್ಟ್ರಿಪ್ಪುಗಳು ರಾಶಿ ಬಿದ್ದವು.

"ಇಷ್ಟ್ಯಾಕ ಉಳದಾವ ಮಾವಾರ?"

ನಾನು ಹೇಳಿದೆ. ಎಲ್ಲಾ ಹೇಳಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ, ತವರಿಗೆ ಹೋಗುತ್ತೇನೆ ಅನ್ನುತ್ತಾಳೆ ಅಂತ ಕಾದೆ. ಅವಳು ಸ್ಟ್ರಿಪ್ಪುಗಳನ್ನು ಒಂದು ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟಳು.

"ಇದನ್ನ ನೀವ ಹಿಡ್ಕೊಂಡ್ ಬರ್ರಿ. ಅವ್ರ ಮುಂದ ನೀವ ಹೇಳ್ರಿ. ನಾ ಹೇಳಂಗಿಲ್ಲ."

ಮೇಡಂ ಚೀಲ ನೋಡಿದರು, ನನ್ನನ್ನು ನೋಡಿದರು. "ಎಷ್ಟು ದಿನದಿಂದ ಹೀಗೆ, ಯಜಮಾನ್ರೇ?"

"ಕೆಲ್ಸಕ್ಕೆ ಸೇರ್ದಾಗಿಂದ ಮೇಡಂ. ನೈಟ್ ಶಿಫ್ಟ್ ವಾರ ಕೊಡ್ತಿರ್ಲಿಲ್ಲ."

"ಕೇಳ್ದಾಗೆಲ್ಲ ಒಂದು ದಿನಾನೂ ತಪ್ಪಿಲ್ಲ ಅಂದ್ರಲ್ಲ."

"ಅಂದೆ."

"ಮಾತ್ರೆ ಕೆಲ್ಸ ಮಾಡ್ತಿಲ್ಲ ಅಂದ್ಕೊಂಡು ನಾನು ಡೋಸ್ ಏರಿಸ್ದೆ. ಮಾತ್ರೆ ಪೂರ್ತಿ ಹೊಟ್ಟೆಗೇ ಹೋಗ್ತಿರ್ಲಿಲ್ಲ." ಅವರು ಪೆನ್ನು ಕೆಳಗಿಟ್ಟರು. ನನ್ನ ಕೈ ಮೇಜಿನ ಮೇಲಿತ್ತು. "ಈ ಬೆರಳು ಹೇಗೆ ಹೋಯ್ತು?"

ನಾನು ಅದನ್ನೂ ಹೇಳಿದೆ. ಕಣ್ಣು ಒಂದು ಕ್ಷಣ ಮುಚ್ಚಿದ್ದು, ಕೆಂಪು ತಗಡು, ಎಲ್ಲ.

"ನಿಮ್ಮ ಭಯ ಸುಳ್ಳಲ್ಲ" ಅಂದರು. "ನಿದ್ದೆ ಬರೋ ಮಾತ್ರೆ ನುಂಗಿ ಪ್ರೆಸ್ ಮೇಲೆ ಕೂರ್ಬಾರ್ದು, ಅದು ನಿಜ. ಆದ್ರೆ ಆ ಭಯಾನ ನನಗೆ ಹೇಳ್ಬೇಕಿತ್ತು. ಕೊಡೋ ಹೊತ್ತು ಬದಲಾಯಿಸ್ಬಹುದಾ, ಬೇರೆ ಮಾತ್ರೆ ಆಗುತ್ತಾ, ನೋಡ್ತಿದ್ದೆ. ಫ್ಯಾಕ್ಟ್ರಿಗೆ ಲೆಟರ್ ಕೊಡ್ತಿದ್ದೆ. ನೀವು ನಿಲ್ಸಿ, ಶುರು ಮಾಡಿ, ನಿಲ್ಸಿ, ಶುರು ಮಾಡಿ ಅವರ ತಲೆಯನ್ನ ಆಡಿಸ್ಬಿಟ್ರಿ."

"ನನ್ನಿಂದ್ಲೇ ಬಂತಾ ಮೇಡಂ ಈ ಕಾಯ್ಲೆ?"

"ಕಾಯಿಲೆ ನಿಮ್ಮಿಂದ ಬಂದಿದ್ದಲ್ಲ. ಮಾತ್ರೆ ಬಿಡಿಸಿದ್ದು ನಿಮ್ಮ ತಪ್ಪು. ಎರಡನ್ನೂ ಒಂದು ಮಾಡ್ಕೊಂಡು ಅಳ್ತಾ ಕೂರ್ಬೇಡಿ, ಕೆಲ್ಸ ಇದೆ."

ಆ ಮಾತನ್ನು ನಾನು ದಿನಾ ಹೇಳಿಕೊಳ್ಳುತ್ತೇನೆ. ಆದರೂ ಎರಡೂ ಒಂದಾಗುತ್ತವೆ.

ಕೆಲವು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಮಾತ್ರೆಯನ್ನು ಮತ್ತೆ ಸರಿಯಾಗಿ ಕೂರಿಸಿದರು. ಬಿಡುಗಡೆಯ ದಿನ ಸೊಸೆ ಮೇಡಂ ಮುಂದೆ ಒಂದು ನೋಟ್‌ಬುಕ್ ತೆರೆದು ಕೂತಳು. "ಎಲ್ಲಾ ಬಿಡಿಸಿ ಹೇಳ್ರಿ. ನಮ್ಮ ಮಾವಾರು ಭಾಳ ಶ್ಯಾಣ್ಯಾರದಾರ, ತಮಗ ತಿಳದಂಗ ಮಾಡ್ತಾರ." ಮೇಡಂ ನಕ್ಕರು. ನಾನೂ ನಗಬೇಕಾಯಿತು. ಒಂದು ಹೊತ್ತು ಮರೆತರೆ ಮರುದಿನ ಎರಡು ಸೇರಿಸಿ ನುಂಗಬಾರದು, ಏನು ಮಾಡಬೇಕು ಅಂತ ಫೋನ್ ಮಾಡಿ ಕೇಳಬೇಕು ಅಂದರು. ತೂಕ, ಶುಗರ್ ಆಗಾಗ ನೋಡಿಸಬೇಕು, ಈ ಮಾತ್ರೆಗೆ ಹಸಿವು ಹೆಚ್ಚುತ್ತದೆ.

"ಕುಡ್ಯೂದು?" ಅಂತ ಸೊಸೆ ಕೇಳಿದಳು.

"ಬೇಡ."

"ಕೇಳಿಸ್ತೇನ್ರೀ?" ಅಂತ ಗಂಡನ ಕಡೆ ತಿರುಗಿದಳು.

"ನಾನು ಕುಡಿಯೋದೇ ಇಲ್ವಲ್ಲೇ!"

"ಇನ್ನ ಮ್ಯಾಲೂ ಕುಡೀಬ್ಯಾಡ್ರಿ."

ಜೋರು ಜ್ವರ ಬಂದು ಮೈ ಮರದ ಹಾಗೆ ಬಿಗಿದುಕೊಂಡು ಗೊಂದಲ ಆದರೆ ಮನೆಯಲ್ಲಿ ಕಾಯದೆ ತಕ್ಷಣ ಆಸ್ಪತ್ರೆಗೆ ಬರಬೇಕು, ಅದು ಅಪರೂಪ ಆದರೆ ದೊಡ್ಡದು ಅಂದರು. ಅವಳು ಅದರ ಕೆಳಗೆ ಎರಡು ಗೆರೆ ಎಳೆದಳು.

ಕೊನೆಗೆ ಮೇಡಂ ನನ್ನ ಕಡೆ ನೋಡಿದರು. "ಯಜಮಾನ್ರೇ, ಡಬ್ಬಿ ಇನ್ನು ಅವರ ಹತ್ರ ಇರ್ಲಿ. ಅವರ ಕಾಯಿಲೆ, ಅವರ ಮಾತ್ರೆ. ಮರೆತ್ರೆ ನೆನಪು ಮಾಡಿ, ಅಷ್ಟು ಸಾಕು."

ನನಗೆ ಬೆರಳು ಹೋದಾಗಿನ ಹಾಗೆಯೇ ಆಯಿತು. ಮೊದಲು ನೋವು ಗೊತ್ತಾಗಲಿಲ್ಲ.

ಯುನಿಟ್ಟಿನ ಓನರ್ ಮೇಡಂ ಕೊಟ್ಟ ಲೆಟರ್ ಓದಿ, "ನೈಟ್ ಶಿಫ್ಟ್ ಅಂದ್ರೆ ಎಲ್ರೂ ಒಂದೊಂದ್ ಲೆಟರ್ ತರ್ತೀರಪ್ಪಾ, ನಾನೂ ಒಂದ್ ಮಾಡಿಸ್ಕೋಬೇಕು" ಅಂತ ಗೊಣಗಿ, ಮಗನನ್ನು ಸ್ಟೋರಿಗೆ ಹಾಕಿದ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು. ಮಗ ಫೋನಿನಲ್ಲಿ ಅಲಾರಂ ಇಟ್ಟುಕೊಂಡ. ಊಟ, ಅಲಾರಂ, ಮಾತ್ರೆ, ಅರ್ಧ ಲೋಟ ನೀರು. ನಾನು ನೋಡದ ಹಾಗೆ ನೋಡುತ್ತಿದ್ದೆ.

ಒಂದು ಭಾನುವಾರ ಸಂಜೆ ತಾರಸಿಯ ಮೇಲೆ ಇಬ್ಬರೇ ಇದ್ದೆವು. ಮೋಡ ಕವಿದಿತ್ತು ಅಂತ ಬಟ್ಟೆ ತೆಗೆಯಲು ಹೋಗಿದ್ದೆವು. ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಬಿಟ್ಟೆ.

"ಮಗ, ಅವಾಗ ನಿಂಗೆ ಕೇಳ್ತಿತ್ತಲ್ಲ, ಅದು ಯಾರ ದನಿ?"

"ನಿಂದೇ ಅಪ್ಪ."

"ಬೇರೆ ಯಾರ್ದೂ ಇರ್ಲಿಲ್ವಾ?"

"ನಿಂದೇ. ಮೆಟ್ಲ ಕೆಳಗಿಂದ, ಬಚ್ಚಲಿಂದ, ಪ್ರೆಸ್ ಒಳಗಿಂದ. ನೀನು ಊರಲ್ಲಿಲ್ದಾಗ್ಲೂ."

"ಏನಂತಿತ್ತು?"

ಅವನು ಒಂದು ಅಂಗಿ ಮಡಚಿ ಮುಗಿಸಿದ. "ಮಾತ್ರೆ ಬ್ಯಾಡ ಮಗ, ಮಾತ್ರೆ ಬ್ಯಾಡ ಅಂತ."

"ಅದು ನಾನೇ ಅಂದಿದ್ದಲ್ವೇನೋ!"

"ಮೊದಲ್ನೇ ಸಲ ನೀನು ಅಂದೆ. ಆಮೇಲೆ ಯಾವುದು ನೀನು, ಯಾವುದು ಅದು, ನಂಗೆ ಗೊತ್ತಾಗ್ಲಿಲ್ಲ. ಎರಡೂ ಒಂದೇ ಹೇಳ್ತಿದ್ವಲ್ಲ."

ಮಳೆ ಹನಿ ಬಿದ್ದವು. ಅವನು ಬಟ್ಟೆ ಎತ್ತಿಕೊಂಡು ಇಳಿದ. ನನಗೆ ಇಳಿಯಲು ಆಗಲಿಲ್ಲ. ನೆನೆಯುತ್ತಾ ನಿಂತು, ಅವನ ತಲೆಯೊಳಗೆ ಕೂತು ಅವನನ್ನು ಕಾಡಿದ ಆ ಇನ್ನೊಬ್ಬ ಮುದುಕನ ಮುಖ ನೋಡಲು ಪ್ರಯತ್ನಪಟ್ಟೆ. ಅವನಿಗೂ ಎರಡು ಬೆರಳು ಇಲ್ಲವೇನೋ. ಅವನೂ ಮಗನ ಮೇಲಿನ ಆಸೆಯಿಂದಲೇ ಹೇಳುತ್ತಿದ್ದನೇನೋ. ಇವತ್ತಿಗೂ ಒಬ್ಬನೇ ಇರುವಾಗ ಅವನು ಹತ್ತಿರ ಎಲ್ಲೋ ಇದ್ದಾನೆ ಅನ್ನಿಸುತ್ತದೆ. ನಾನು ಬಾಯಿ ತೆರೆದರೆ ಅವನೂ ತೆರೆಯುತ್ತಾನೆ ಅನ್ನಿಸುತ್ತದೆ. ಅಂದಿನಿಂದ ಮಗನಿಗೆ ಏನು ಹೇಳುವುದಿದ್ದರೂ ಎದುರಿಗೆ ಹೋಗಿ, ಮುಖ ತೋರಿಸಿ ಹೇಳುತ್ತೇನೆ. ಗೋಡೆಯ ಆಚೆಯಿಂದ ಕೂಗುವುದಿಲ್ಲ. ಸಾರು ಕುದ್ದು ಉಕ್ಕಿದರೂ ಎದ್ದು ಹೋಗಿಯೇ ಹೇಳುತ್ತೇನೆ. ಯಾರೂ ಹೇಳಿಕೊಟ್ಟಿದ್ದಲ್ಲ ಅದು.

ಮೊಮ್ಮಗಳು ಹುಟ್ಟಿದ ದಿನ ನರ್ಸ್ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ನಾನು ಮೊದಲು ಮಾಡಿದ್ದು ಬೆರಳು ಎಣಿಸಿದ್ದು. ಕೈ ಹತ್ತು, ಕಾಲು ಹತ್ತು. "ಎಲ್ಲಾ ಅವೆ! ಎಲ್ಲಾ ಅವೆ!" ಅಂತ ವಾರ್ಡಿನಲ್ಲೇ ಕೂಗಿದ್ದಕ್ಕೆ ನರ್ಸ್ ಬೈದರು. ಇಪ್ಪತ್ತು ಬೆರಳಿನ ಸಂಪತ್ತು ಕೈಯಲ್ಲಿದ್ದವನಿಗೆ ಯಾರ ಬೈಗುಳ ತಾಗುತ್ತದೆ?

ಅಂಥ ಮಗುವನ್ನು ಎತ್ತಿಕೊಂಡು ಮಗ ಗುರುವಾರ ಆ ಪ್ರಶ್ನೆ ಕೇಳಿದ್ದ. ಮಾತ್ರೆ ಬಿಟ್ಟರೆ ಏನಾಗುತ್ತದೆ ಅಂತ. ನನ್ನ ನಾಲಿಗೆಯ ಮೇಲೆ ಎರಡು ಉತ್ತರ ಬಂದಿದ್ದವು. ಬಿಡಬೇಡ ಅಂತ ಅರಚುವುದು ಒಂದು. ಇನ್ನೊಂದನ್ನು ಹೇಳಲು ನಾಚಿಕೆ: ಇಷ್ಟು ಚೆನ್ನಾಗಿದ್ದಾನಲ್ಲ, ಬಿಟ್ಟರೇನು? ಎರಡೂ ನನ್ನ ದನಿಯೇ. ಎದ್ದು ಅವನ ಎದುರಿಗೆ ಹೋಗಿ ನಿಂತೆ.

"ನಂಗೊತ್ತಿಲ್ಲ ಮಗ. ನನ್ನ ಕೇಳ್ಬ್ಯಾಡ. ಮಂಗಳವಾರ ಆಸ್ಪತ್ರೆಗೆ ಓಯ್ತೀವಲ್ಲ, ಮೇಡಂನ ನೀನೇ ಕೇಳು. ಅಲ್ಲೀಗಂಟ ಬಿಡಬ್ಯಾಡ."

"ಸರಿ" ಅಂದ. ಅಲಾರಂ ಹೊಡೆಯಿತು, ಮಾತ್ರೆ ನುಂಗಿದ. ನಾಲ್ಕು ದಿನ ನನ್ನ ಎದೆಯ ಮೇಲೆ ಪ್ರೆಸ್ಸು ಇಟ್ಟ ಹಾಗಿತ್ತು.

ಮಂಗಳವಾರ ಸೊಸೆಗೆ ರಜೆ ಸಿಗಲಿಲ್ಲ. ಮಗ, ನಾನು, ಮಗು ಹೋದೆವು. ಮೇಡಂ ಕೇಳಿದರು, "ಮಾತ್ರೆ ದಿನಾ ತಗೋತಿದೀರಾ?" ನನ್ನ ಬಾಯಿ ಹಳೇ ಅಭ್ಯಾಸದಿಂದ ತೆರೆಯಲು ಹೋಯಿತು. ಅಷ್ಟರಲ್ಲಿ ಅವನು ಅಂದ.

"ಹೋದ ತಿಂಗಳು ಮಗೂಗೆ ಜ್ವರ ಬಂದಾಗ ಒಂದಿನ ಮರ್ತೋಯ್ತು ಮೇಡಂ. ಮಾರನೇ ದಿನ ಫೋನ್ ಮಾಡಿ ಕೇಳ್ದೆ. ಒಂದೇ ತಗೊಂಡೆ, ಎರಡು ತಗೊಳ್ಲಿಲ್ಲ. ಇನ್ನೊಂದು, ನಾನೀಗ ಚೆನ್ನಾಗಿದೀನಿ. ಬಿಡಬಹುದಾ?"

ಮೇಡಂ ಅವನನ್ನು ಬೈಯಲಿಲ್ಲ. ಚೆನ್ನಾಗಿರುವುದಕ್ಕೆ ಆ ಮಾತ್ರೆಯೇ ಒಂದು ಕಾರಣ ಅಂದರು. ಹೋದ ಸಲ ಬಿಟ್ಟಾಗ ಏನಾಯಿತು ಅಂತ ಅವನ ಬಾಯಿಂದಲೇ ಹೇಳಿಸಿದರು. ಈಗ ಬೇಡ, ಮುಂದೆ ಎಂದಾದರೂ ಕಡಿಮೆ ಮಾಡುವ ಮಾತು ಬಂದರೆ ಇಬ್ಬರೂ ಸೇರಿ ನಿಧಾನಕ್ಕೆ ಯೋಚಿಸೋಣ, ಇಂಥದ್ದನ್ನು ಹೀಗೇ ಕೇಳುತ್ತಿರಿ ಅಂದರು. ಅವನು ತಲೆಯಾಡಿಸಿದ. ಮಗು ಮೇಡಂ ಅವರ ಪೆನ್ನು ಕಿತ್ತುಕೊಂಡಿತು. ನನ್ನ ಎದೆಯ ಮೇಲಿನ ಪ್ರೆಸ್ಸು ಅರ್ಧ ಮೇಲೆದ್ದಿತು.

ವಾಪಸ್ ಬರುವಾಗ ಮೆಟ್ರೋದಲ್ಲಿ ಜಾಗ ಸಿಕ್ಕಿತು. ನನ್ನ ಮಡಿಲಲ್ಲಿ ಮಗು, ಪಕ್ಕದಲ್ಲಿ ಮಗ. ಮುಂದಿನ ನಿಲ್ದಾಣ ಇಂಥದ್ದು ಅಂತ ಮೇಲಿಂದ ಹೆಂಗಸಿನ ದನಿ ಬಂತು. ಮಗ ನನ್ನ ಕಡೆ ವಾಲಿ, "ಅಪ್ಪ, ಇದು ನಿಂಗೂ ಕೇಳಿಸ್ತು ತಾನೆ?" ಅಂದ.

"ಕೇಳಿಸ್ತು ಕಣೋ."

"ಸದ್ಯ" ಅಂತ ನಕ್ಕ. ನಾನೂ ಎಷ್ಟು ನಕ್ಕೆ ಅಂದರೆ ಎದುರಿಗಿದ್ದ ಕಾಲೇಜು ಹುಡುಗಿಯರು ತಿರುಗಿ ನೋಡಿದರು. ತನ್ನ ಕಾಯಿಲೆಯನ್ನೇ ತಮಾಷೆ ಮಾಡುವ ಮಗ! ಮಗು ಯಾಕೆಂದು ತಿಳಿಯದೆ ನಮ್ಮ ಜೊತೆ ನಕ್ಕಿತು. ಹೆಗಲ ಮೇಲೆ ಇಬ್ಬರನ್ನೂ ಹೊತ್ತುಕೊಂಡು ಬೋಗಿಯ ಈ ತುದಿಯಿಂದ ಆ ತುದಿಗೆ ಓಡಬೇಕು ಅನ್ನಿಸಿತು.

ಎರಡು ನಿಲ್ದಾಣ ಹೋದವು. ಅವನು ಕಿಟಕಿಯ ಆಚೆ ನೋಡುತ್ತಿದ್ದ. ಒಮ್ಮೆಲೇ ನನ್ನ ಕಡೆ ತಿರುಗಿದ.

"ಏನಪ್ಪ?"

"ಏನು?"

"ಕರೆದ್ಯಲ್ಲ?"

ನಾನು ಮಗುವಿನ ಕಾಲ್ಚೀಲ ಸರಿ ಮಾಡುತ್ತಿದ್ದೆ. ಬಾಯಿ ತೆರೆದಿರಲಿಲ್ಲ. ಕರೆದೆ ಅಂದುಬಿಡೋಣವೇ ಅಂತ ಒಂದು ಕ್ಷಣ ಅನ್ನಿಸಿತು. ಇಷ್ಟು ಒಳ್ಳೆಯ ದಿನ. ಒಂದು ಸಣ್ಣ ಹೂಂ ಅಂದರೆ ಮುಗಿದುಹೋಗುತ್ತಿತ್ತು.

ಅವನ ಮುಖ ನೋಡಿ ಹೇಳಿದೆ. "ಇಲ್ಲ ಮಗ. ನಾನು ಕರೀಲಿಲ್ಲ."

ಅವನು ನನ್ನ ತುಟಿಯನ್ನೇ ನೋಡಿದ. ಮಗುವನ್ನು ನೋಡಿದ. "ಖಂಡಿತ?"

"ಖಂಡಿತ."

ಗಾಜಿನಲ್ಲಿ ಪೀಣ್ಯದ ಶೀಟು ಛಾವಣಿಗಳು ಒಂದೊಂದೇ ಬರಲು ಶುರುವಾಗಿದ್ದವು, ಇನ್ನೇನು ನಮ್ಮ ನಿಲ್ದಾಣ. ಅವನು ಕೈಗಡಿಯಾರ ನೋಡಿಕೊಂಡು ಎದ್ದ.

"ಒಂದೇ ಸಲ ಕೇಳಿಸ್ತು. ಚಿಕ್ಕದು. ಇದನ್ನ ಮೇಡಂಗೆ ಹೇಳ್ಬೇಕು ಅಪ್ಪ. ಒಪಿಡಿ ಇನ್ನೂ ಮುಗ್ದಿರಲ್ಲ. ಇಲ್ಲೇ ಇಳಿದು ಆ ಕಡೆ ಟ್ರೈನ್ ಹಿಡಿಯೋಣ."

ಬಾಗಿಲು ತೆರೆಯಿತು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಅವನ ಹಿಂದೆ ಇಳಿದೆ.